ಕಂಸದೊಳಗಿನ ಕೃಷ್ಣಪ್ಪ

ದಾವಣಗೆರೆಯ ಜಯದೇವ ವೃತ್ತದಲ್ಲಿ ಧರಣಿ ಇಲ್ಲದ ವಾರ ಕಡಿಮೆ. ನಾನು ಪಾಠ ಮಾಡಲು ಹೋಗುವ ದಾರಿಯೂ ಅದೇ. ಸಿಗ್ನಲ್ಲಿನಲ್ಲಿ ಬೈಕು ನಿಂತಾಗ ಬ್ಯಾನರುಗಳನ್ನು ಓದುವುದು ಅಭ್ಯಾಸವಾಗಿಹೋಗಿದೆ. ದಲಿತ ಸಂಘರ್ಷ ಸಮಿತಿಯ ಬ್ಯಾನರನ್ನು ನೀವೂ ನೋಡಿರುತ್ತೀರಿ. ನೀಲಿ ಬಣ್ಣ, ಒಂದು ಮೂಲೆಯಲ್ಲಿ ಅಂಬೇಡ್ಕರ್, ಇನ್ನೊಂದು ಮೂಲೆಯಲ್ಲಿ ಕೃಷ್ಣಪ್ಪ. ನಡುವೆ ದಪ್ಪ ಅಕ್ಷರದಲ್ಲಿ ಸಂಘಟನೆಯ ಹೆಸರು. ಅದರ ಕೆಳಗೆ ನೋಂದಣಿ ಸಂಖ್ಯೆ 47/74-75. ಅದರ ಪಕ್ಕದಲ್ಲಿ ಕಂಸದೊಳಗೆ ಮೂರು ನಾಲ್ಕು ಪದ: ಪ್ರೊ. ಬಿ. ಕೃಷ್ಣಪ್ಪ ಸ್ಥಾಪಿತ.

ಸಮಿತಿ ಒಡೆದು ಹಲವು ಬಣಗಳಾದ ಮೇಲೆ ಯಾವುದು ಯಾವ ಬಣ ಎಂದು ಗುರುತಿಸಲು ಈ ಕಂಸ ಬೇಕಾಯಿತು. ಒಬ್ಬರ ಕಂಸದಲ್ಲಿ ಈಗಿನ ಸಂಚಾಲಕರ ಹೆಸರು, ಇನ್ನೊಬ್ಬರ ಕಂಸದಲ್ಲಿ ಸ್ಥಾಪಕರ ಹೆಸರು. ಪುರಾಣದ ಕೃಷ್ಣ ಕಂಸನ ಸೆರೆಮನೆಯಲ್ಲಿ ಹುಟ್ಟಿ ರಾತ್ರೋರಾತ್ರಿ ಹೊಳೆ ದಾಟಿ ಪಾರಾದ. ನಮ್ಮ ಹೊಳೆದಂಡೆಯ ಕೃಷ್ಣಪ್ಪ ಮಾತ್ರ ಸತ್ತ ಮೇಲೆ ಕಂಸದೊಳಗೆ ಸೇರಿಕೊಂಡರು.

ಅವರನ್ನು ಕೂಡಿಹಾಕಿರುವ ಕಂಸ ಇದೊಂದೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಇನ್ನೊಂದಿದೆ, ಅದು ನಮ್ಮದು, ಕನ್ನಡ ಸಾಹಿತ್ಯ ಓದಿಸುವವರದು. ದಲಿತ ಸಾಹಿತ್ಯದ ಬಗ್ಗೆ ಬರೆದ ಟಿಪ್ಪಣಿಗಳನ್ನು ತೆಗೆದು ನೋಡಿ. ದೇವನೂರರ ಬಗ್ಗೆ ಪುಟಗಳು, ಸಿದ್ಧಲಿಂಗಯ್ಯನವರ ಬಗ್ಗೆ ಪುಟಗಳು. ಅವು ಇರಲೇಬೇಕು. ಆಮೇಲೆ ಒಂದು ವಾಕ್ಯದ ಕೊನೆಯಲ್ಲಿ ‘ಬಿ. ಕೃಷ್ಣಪ್ಪ ಮುಂತಾದವರು’. ಹದಿನೆಂಟು ವರ್ಷ ನಾನು ಪಾಠ ಹೇಳಿದ್ದು ಇಂಥದೇ ಟಿಪ್ಪಣಿಯಿಂದ. ಅದನ್ನು ಬರೆದವನೂ ನಾನೇ.

ಕಳೆದ ವರ್ಷ ನಮ್ಮ ಜಿಲ್ಲೆಯಲ್ಲಿ ನಡೆದ ವಿಚಾರ ಸಂಕಿರಣವೊಂದರಲ್ಲಿ ಆಹ್ವಾನಿತ ವಿದ್ವಾಂಸರೊಬ್ಬರು ಈ ‘ಮುಂತಾದವರು’ ಎಂಬುದಕ್ಕೆ ಸಿದ್ಧಾಂತದ ಬಲವನ್ನೂ ಕೊಟ್ಟರು. “ಕೃಷ್ಣಪ್ಪನವರು ದೊಡ್ಡ ಸಂಘಟಕರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಹಿತ್ಯದ ಚರಿತ್ರೆಯಲ್ಲಿ ಅವರನ್ನು ಹುಡುಕಬಾರದು. ಸಂಘಟಕ ಬೇರೆ, ಸಾಹಿತಿ ಬೇರೆ” ಎಂದರು. ಸಭೆ ತಲೆಯಾಡಿಸಿತು. ಊಟಕ್ಕೆ ಹೋಳಿಗೆ ಇತ್ತು. ಎದ್ದು ನಿಂತು ಎರಡು ಮಾತು ಕೇಳಬೇಕಾಗಿದ್ದ ನಾನೂ ಹೋಳಿಗೆಯ ಸಾಲಿನಲ್ಲಿ ನಿಂತೆ. ಯಾಕೆ ಸುಮ್ಮನಿದ್ದೆ ಎಂಬುದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಅದೇ ಮಾತನ್ನು ಅದಕ್ಕೂ ಒಂದು ವರ್ಷ ಮೊದಲು ನಾನೇ ಒಬ್ಬ ವಿದ್ಯಾರ್ಥಿನಿಗೆ ಹೇಳಿದ್ದೆ.

ಆಕೆ ಹರಿಹರದವಳು. ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿದ್ದಳು. ಒಂದು ದಿನ ತರಗತಿ ಮುಗಿದ ಮೇಲೆ ಒಂದು ಹಾಳೆ ತಂದು, “ಸರ್, ಕನ್ನಡ ಸರಿ ಐತಾ ನೋಡ್ರಿ” ಎಂದಳು. ಹಾಸ್ಟೆಲಿನ ನೀರಿನ ಬಗ್ಗೆ ಅಧಿಕಾರಿಗಳಿಗೆ ಬರೆದ ಮನವಿ. ಬೆಳಿಗ್ಗೆ 5ರಿಂದ 5.40ರವರೆಗೆ ನೀರು ಬರುತ್ತದೆ, ನಲ್ಲಿಗಳು ಆರು, ನಾವು 110 ಜನ, ತಲೆಗೆ ಎರಡು ನಿಮಿಷ ಹತ್ತು ಸೆಕೆಂಡು ಎಂದು ಲೆಕ್ಕ ಹಾಕಿದ್ದಳು. ‘ದಯಮಾಡಿ’ ಎಂಬ ಪದ ಎಲ್ಲೂ ಇರಲಿಲ್ಲ. ಎರಡು ಒತ್ತಕ್ಷರ ತಿದ್ದಿದೆ. ಆಮೇಲೆ, ಒಳ್ಳೆಯ ಮೇಷ್ಟ್ರು ಎನ್ನಿಸಿಕೊಳ್ಳುವ ಆಸೆಯಿಂದಲೇ ಇರಬೇಕು, ಹೇಳಿದೆ: “ಚೆನ್ನಾಗಿ ಬರೀತೀಯಮ್ಮ. ಈ ಮನವಿ, ಸಂಘಟನೆ ಎಲ್ಲ ಬಿಡು. ಕವಿತೆ ಬರಿ, ಯುವಜನೋತ್ಸವಕ್ಕೆ ಕಳಿಸೋಣ.”

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ನಾನು ಕೃಷ್ಣಪ್ಪ ಸರ್ ಊರೋಳು ಸರ್. ಅವ್ರು ಏನು ಬರೆದಿದ್ರು? ಎಲ್ಲಿ ಸಿಗತೈತಿ?”

ನನ್ನ ಹತ್ತಿರ ಉತ್ತರ ಇರಲಿಲ್ಲ. “ಅವರು ಹೆಚ್ಚು ಭಾಷಣ ಮಾಡ್ತಿದ್ರು” ಎಂದೇನೋ ಅಂದು ಕಳಿಸಿದೆ. ಅವರ ಊರು ನಾನು ನಿಂತಿದ್ದ ಜಾಗದಿಂದ 14 ಕಿಲೋಮೀಟರ್ ದೂರದಲ್ಲಿದೆ.

ಆ ಪ್ರಶ್ನೆಗೆ ತಡವಾಗಿಯಾದರೂ ಉತ್ತರ ಹುಡುಕಿಕೊಂಡೆ. ಅದನ್ನೇ ಇಲ್ಲಿ ಇಡುತ್ತಿದ್ದೇನೆ.

ಕೃಷ್ಣಪ್ಪ ಹರಿಹರದಲ್ಲಿ 1938ರ ಜೂನ್ 9ರಂದು ಹುಟ್ಟಿದರು. ತಂದೆ ಬಸಪ್ಪ, ತಾಯಿ ಚೌಡಮ್ಮ. ಆಗ ಹರಿಹರ ಮೈಸೂರು ಸಂಸ್ಥಾನದ ಅಂಚು. ತುಂಗಭದ್ರೆಯ ಆಚೆ ದಡ ಮುಂಬಯಿ ಪ್ರಾಂತ್ಯ. ಊರ ನಡುವೆ 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಹರಿಹರೇಶ್ವರನ ಗುಡಿ. ಅರ್ಧ ಹರ, ಅರ್ಧ ಹರಿ, ಒಂದೇ ವಿಗ್ರಹ. ಊರ ಹೊರಗೆ ಕೇರಿ. ಅಲ್ಲಿಂದ ಬಂದ ಹುಡುಗ ಕನ್ನಡ ಓದಿ, ಭದ್ರಾವತಿಯಲ್ಲಿ ಕನ್ನಡ ಅಧ್ಯಾಪಕನಾದ. ಉಕ್ಕಿನ ಕಾರ್ಖಾನೆ, ಕಾಗದದ ಕಾರ್ಖಾನೆಗಳ ಊರು ಅದು. ಪಾಳಿ ಮುಗಿಸಿದ ಕಾರ್ಮಿಕರು, ಹಾಸ್ಟೆಲಿನ ಹುಡುಗರು, ಸುತ್ತಲ ಹಳ್ಳಿಯ ಭೂಹೀನರು, ಇವರೆಲ್ಲರ ನಡುವೆ ಒಬ್ಬ ಕನ್ನಡ ಮೇಷ್ಟ್ರು.

1973ರ ನವೆಂಬರ್ 19ರಂದು ಮೈಸೂರಿನಲ್ಲಿ ಸಚಿವ ಬಿ. ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದರು. ಎಮ್ಮೆಗೆ ಹಾಕುವ ಬೂಸಾ. ಆಮೇಲೆ ಏನಾಯಿತೆಂದು ಎಲ್ಲರಿಗೂ ಗೊತ್ತು. ದಲಿತ ವಿದ್ಯಾರ್ಥಿಗಳು ಹೊಡೆತ ತಿಂದರು, ಬಸವಲಿಂಗಪ್ಪ ಮಂತ್ರಿಗಿರಿ ಕಳೆದುಕೊಂಡರು. ಇದನ್ನು ನಾವು ರಾಜಕೀಯ ಗಲಾಟೆ ಎಂದು ಪಾಠ ಮಾಡುತ್ತೇವೆ. ಗಲಾಟೆಯ ಮೂಲದಲ್ಲಿದ್ದದ್ದು ಒಂದು ಸಾಹಿತ್ಯ ವಿಮರ್ಶೆ ಎಂಬುದನ್ನು ಮರೆಯುತ್ತೇವೆ. ಅದು ಒರಟಾಗಿತ್ತು, ಒಂದೇ ಪದದ್ದಾಗಿತ್ತು, ಆದರೂ ವಿಮರ್ಶೆಯೇ. ಈ ಸಾಹಿತ್ಯ ಯಾರದು, ಯಾರಿಗಾಗಿ ಎಂಬ ಪ್ರಶ್ನೆ ಅದರಲ್ಲಿತ್ತು. ಆ ಪ್ರಶ್ನೆಯನ್ನು ಹಿಡಿದು ಕೂತವರಲ್ಲಿ ಭದ್ರಾವತಿಯ ಮೇಷ್ಟ್ರು ಒಬ್ಬರು. ಅಲ್ಲಿಂದ ಹುಟ್ಟಿದ್ದು 47/74-75 ಎಂಬ ನೋಂದಣಿ ಸಂಖ್ಯೆಯ ಸಂಘ. 1976ರಲ್ಲಿ ಅದೇ ಭದ್ರಾವತಿಯಲ್ಲಿ ದಲಿತ ಲೇಖಕ ಕಲಾವಿದರ ಯುವ ಸಂಘಟನೆಯ ಸಮ್ಮೇಳನ ನಡೆಯಿತು. ಹೆಸರನ್ನು ಗಮನಿಸಿ: ಲೇಖಕ, ಕಲಾವಿದ, ಸಂಘಟನೆ. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದವರನ್ನು ನಾವು ಆಮೇಲೆ ಬಿಡಿಸಿ ಬೇರೆ ಬೇರೆ ಕಪಾಟಿನಲ್ಲಿಟ್ಟೆವು.

1979ರ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನಕ್ಕೆ ದಲಿತ ಸಾಹಿತ್ಯದ ಒಂದು ಗೋಷ್ಠಿ ಕೇಳಿದರೆ ಸಿಗಲಿಲ್ಲ. ಬಂಡಾಯದವರು ಆ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ತಮ್ಮದೇ ಸಮ್ಮೇಳನ ಮಾಡಿದರು. ಇದನ್ನು ನಾವು ಸಾಹಿತ್ಯ ಚರಿತ್ರೆ ಎಂದು ಒಪ್ಪುತ್ತೇವೆ, ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆಯಾಗಿ ಕೇಳುತ್ತೇವೆ. ಅದಕ್ಕೆ ನೆಲ ಹದ ಮಾಡಿದವನ ವಿಷಯಕ್ಕೆ ಬಂದಾಗ ಮಾತ್ರ ಆತ ‘ಸಂಘಟಕ’.

ನನ್ನ ಮನೆಯ ವಿಷಯಕ್ಕೆ ಬರುತ್ತೇನೆ. ಕೃಷ್ಣಪ್ಪನವರ ಹೆಸರನ್ನು ನಾನು ಮೊದಲು ಕೇಳಿದ್ದು ಬೈಗುಳವಾಗಿ. ಮಲೇಬೆನ್ನೂರು ಕಡೆಯ ಹಳ್ಳಿ ನಮ್ಮದು, ಭದ್ರಾ ನಾಲೆಯ ಭತ್ತದ ಗದ್ದೆ. ಜಾತಿಯಲ್ಲಿ, ಜಮೀನಿನಲ್ಲಿ ಮೇಲಿನವರು. ಊರಲ್ಲಿದ್ದದ್ದು ಒಂದು ಹೋಟೆಲು. ಒಳಗೆ ಬೆಂಚು, ಗಾಜಿನ ಲೋಟ. ಹೊರಗಿನ ಮಾಡಿನ ಗೂಡಿನಲ್ಲಿ ಕೇರಿಯವರ ಲೋಟಗಳು. ಅವರೇ ತೆಗೆದುಕೊಂಡು, ನಿಂತೇ ಕುಡಿದು, ಅವರೇ ತೊಳೆದಿಡಬೇಕು. ನಾನಾಗ ಹನ್ನೆರಡು ವರ್ಷದವನು. ಒಂದು ಸಂಜೆ ಕೇರಿಯ ನಾಲ್ಕು ಹುಡುಗರು ಒಳಗೆ ಬಂದು ಬೆಂಚಿನ ಮೇಲೆ ಕುಳಿತು, “ನಾಲ್ಕು ಚಾ ಕೊಡ್ರಿ” ಎಂದರು. ಹೋಟೆಲಿನವನು ಕೊಡಲೂ ಇಲ್ಲ, ಎಬ್ಬಿಸಲೂ ಇಲ್ಲ. ಒಲೆ ಆರಿಸಿ ಬಾಗಿಲು ಹಾಕಿಕೊಂಡು ಹೋದ. ಮೂರು ದಿನ ಹೋಟೆಲು ಮುಚ್ಚಿತ್ತು. ನಾಲ್ಕನೆಯ ದಿನ ತೆರೆದಾಗ ಎಲ್ಲರಿಗೂ ಗಾಜಿನ ಲೋಟ. ನಮ್ಮಪ್ಪ ಆಮೇಲೆ ಒಂದು ವರ್ಷ ಆ ಹೋಟೆಲಿನ ಮೆಟ್ಟಿಲು ಹತ್ತಲಿಲ್ಲ.

ಆ ಹುಡುಗರಲ್ಲೊಬ್ಬ ನನ್ನ ಕೈಗೆ ಒಂದು ಕರಪತ್ರ ಕೊಟ್ಟಿದ್ದ. ಕೆಳಗೆ ರಾಜ್ಯ ಸಂಚಾಲಕರ ಹೆಸರಿತ್ತು. ಮನೆಗೆ ತಂದೆ. ಅಪ್ಪ ಅದನ್ನು ಕಂದೀಲಿನ ಬೆಳಕಿನಲ್ಲಿ ಮೊದಲಿನಿಂದ ಕೊನೆಯ ತನಕ ಓದಿದರು, ಎರಡು ಸಲ. “ಈ ಮೇಷ್ಟ್ರು ಹುಡುಗರ ತಲೆ ಕೆಡಿಸಿಬಿಟ್ಟ” ಎಂದು ಎದ್ದು ಹೋಗಿ ಒಲೆಗೆ ಹಾಕಿದರು. ಈಗ ಅನ್ನಿಸುತ್ತದೆ, ಆ ವಿದ್ವಾಂಸರಿಗಿಂತ ಅಪ್ಪ ಒಳ್ಳೆಯ ಓದುಗರು. ಅದು ಬರಹ, ಅದು ಕೆಲಸ ಮಾಡುತ್ತದೆ, ತನ್ನ ವಿರುದ್ಧ ಮಾಡುತ್ತದೆ ಎಂಬುದು ಅವರಿಗೆ ತಕ್ಷಣ ತಿಳಿಯಿತು. ಅವರು ಕೃಷ್ಣಪ್ಪನವರನ್ನು ‘ಮುಂತಾದವರು’ ಅನ್ನಲಿಲ್ಲ.

ಕರಪತ್ರ ಸಾಹಿತ್ಯವೇ ಎಂದು ಕೇಳುವವರಿಗೆ ನನ್ನದೊಂದು ಕೋರಿಕೆ. ಒಂದನ್ನು ಬರೆದು ನೋಡಿ. ಒಂದು ಪುಟ ದಾಟಬಾರದು. ಓದಲು ಬಾರದವರಿಗೆ ಇನ್ನೊಬ್ಬರು ಜೋರಾಗಿ ಓದಿ ಹೇಳಿದರೂ ಅರ್ಥವಾಗಬೇಕು. ಸರ್ವೆ ನಂಬರು ತಪ್ಪಬಾರದು, ಯಾಕೆಂದರೆ ತಹಶೀಲ್ದಾರರೂ ಓದುತ್ತಾರೆ, ಪೊಲೀಸರೂ ಓದುತ್ತಾರೆ, ಎದುರಾಳಿಯ ವಕೀಲನೂ ಓದುತ್ತಾನೆ. ಕೇಳಿದವರಿಗೆ ಧೈರ್ಯ ಬರಬೇಕು, ಆದರೆ ಆ ಧೈರ್ಯದಿಂದ ಅದೇ ರಾತ್ರಿ ಅವರ ಗುಡಿಸಲಿಗೆ ಬೆಂಕಿ ಬೀಳಬಾರದು. ಮಾತಿನ ತೂಕವನ್ನು ಇಷ್ಟು ಜೋಪಾನವಾಗಿ ನೋಡಬೇಕಾದ ಬರವಣಿಗೆ ಬೇರೆ ಯಾವುದಿದೆ? ಹೆಂಡ ಬೇಡ, ವಸತಿ ಶಾಲೆ ಬೇಕು ಎಂಬ ದಸಂಸದ ಘೋಷಣೆಯನ್ನೇ ನೋಡಿ. ಬೇಡವಾದದ್ದನ್ನೂ ಬೇಕಾದದ್ದನ್ನೂ ಅಕ್ಕಪಕ್ಕ ಇಟ್ಟಿದ್ದಾರೆ. ಸರ್ಕಾರದ ಬೊಕ್ಕಸಕ್ಕೆ ಹೆಂಡದಿಂದ ಬರುವ ದುಡ್ಡು ಯಾರ ಹಟ್ಟಿಯದು, ಅದು ಯಾವ ರೂಪದಲ್ಲಿ ವಾಪಸು ಬರಬೇಕು ಎಂಬ ಅರ್ಥಶಾಸ್ತ್ರ ಅದರಲ್ಲಿದೆ. ಇದನ್ನು ಕೂಗು ಎಂದು ಕರೆದು ಬದಿಗಿಡುವವನು ಅದನ್ನು ಕೇಳಿಸಿಕೊಂಡಿಲ್ಲ.

ಇನ್ನು, ಸಾಹಿತ್ಯವೆಂದರೆ ಪುಸ್ತಕವಾಗಿ ಬಂದ ಕಥೆ ಕವಿತೆ ಮಾತ್ರ ಎಂಬ ಅಳತೆ ಕನ್ನಡದ್ದಂತೂ ಅಲ್ಲ. ದಾವಣಗೆರೆಯಲ್ಲಿ ನಿಂತು ಆ ಮಾತು ಹೇಳಲು ನಾಚಿಕೆಯಾಗಬೇಕು. ಇಲ್ಲಿ ಶಾಲೆಯ ಗೋಡೆ, ಕಲ್ಯಾಣ ಮಂಟಪ, ಬ್ಯಾಂಕಿನ ಕೌಂಟರು, ಎಲ್ಲ ಕಡೆ ವಚನ. ಹನ್ನೆರಡನೆಯ ಶತಮಾನದಲ್ಲಿ ಚಮ್ಮಾರ, ಅಂಬಿಗ, ಕಸ ಗುಡಿಸುವಾಕೆ ತಮ್ಮ ಕಸುಬಿನ ನಡುವೆ ಆಡಿದ ಮಾತು ಅವು. ಹೆಸರೇ ವಚನ, ಎಂದರೆ ಮಾತು, ಕೊಟ್ಟ ಮಾತು. ಅವರನ್ನು ಅಂದಿನ ಪಂಡಿತರು ಕವಿಗಳ ಸಾಲಿನಲ್ಲಿ ಕೂರಿಸಿರಲಿಕ್ಕಿಲ್ಲ. ಫ.ಗು. ಹಳಕಟ್ಟಿ ಮನೆಮನೆ ಅಲೆದು ಓಲೆಗರಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ ತಂದ ಮೇಲೆ ನಾವು ಅದನ್ನು ಕನ್ನಡದ ಹೆಮ್ಮೆ ಎಂದೆವು. ಎಂಟು ನೂರು ವರ್ಷದ ಹಿಂದಿನ ಚಳವಳಿಯ ಮಾತು ಸಾಹಿತ್ಯ, ಐವತ್ತು ವರ್ಷದ ಹಿಂದಿನ ಚಳವಳಿಯ ಮಾತು ಗಲಾಟೆ. ವ್ಯತ್ಯಾಸ ಇಷ್ಟೇ: ಆ ಚಳವಳಿ ಈಗ ನಮ್ಮ ಗದ್ದೆಯ ಬದುವಿನಲ್ಲಿ ಬಂದು ನಿಲ್ಲುವುದಿಲ್ಲ.

‘ಸಂಘಟಕ ಬೇರೆ, ಸಾಹಿತಿ ಬೇರೆ’ ಎಂಬ ಕಾನೂನು ಎಲ್ಲರಿಗೂ ಒಂದೇ ಆಗಿದ್ದರೆ ಅದಕ್ಕೂ ಒಂದು ಮರ್ಯಾದೆ ಕೊಡಬಹುದಿತ್ತು. ಶಿವರಾಮ ಕಾರಂತರು ಕೈಗಾ ಅಣುಸ್ಥಾವರದ ವಿರುದ್ಧ ಹೋರಾಡಿದರು, 1989ರಲ್ಲಿ ಎಂಬತ್ತೇಳನೆಯ ವಯಸ್ಸಿನಲ್ಲಿ ಲೋಕಸಭೆಗೆ ಸ್ಪರ್ಧಿಸಿದರು. ಹರಿಹರದ ಆಚೆ ದಡದ ಕಾರ್ಖಾನೆಗೆ ಮರ ಬೆಳೆಸಲೆಂದು ಗೋಮಾಳ ಕೊಟ್ಟಾಗ, ಅದರ ವಿರುದ್ಧ ಸಮಾಜ ಪರಿವರ್ತನ ಸಮುದಾಯದವರ ಜೊತೆ ಸುಪ್ರೀಂ ಕೋರ್ಟಿಗೂ ಹೋದರು. ನಾವು ಏನೆಂದೆವು? ಕಡಲತೀರದ ಭಾರ್ಗವ ಎಂದೆವು. ಹೋರಾಟ ಅವರ ಸಾಹಿತ್ಯಕ್ಕೆ ಇನ್ನೊಂದು ಗರಿಯಾಯಿತು. ಆಗಲಿ, ಅದು ಸರಿಯೇ. ಕೃಷ್ಣಪ್ಪ ಅದೇ ಕೆಲಸ ಮಾಡಿದರೆ ಹೋರಾಟ ಅವರ ಸಾಹಿತ್ಯವನ್ನು ತಿಂದುಹಾಕಿತು ಎನ್ನುತ್ತೇವೆ. ಒಬ್ಬನಿಗೆ ಕಿರೀಟವಾದದ್ದು ಇನ್ನೊಬ್ಬನಿಗೆ ಗಡೀಪಾರಾಗುವುದಾದರೆ ನಾವು ಅಳೆಯುತ್ತಿರುವುದು ಬರಹವನ್ನಲ್ಲ, ಬರೆದವನು ಬಂದ ಕೇರಿಯನ್ನು.

ಒಂದು ಮಾತು ಒಪ್ಪಬೇಕು. ಕಾರಂತರ ಕಾದಂಬರಿಗಳ ಎದುರಿಗೆ ಇಡಬಹುದಾದ ಕಾದಂಬರಿಯನ್ನು ಕೃಷ್ಣಪ್ಪ ಬರೆದಿಲ್ಲ. ಅವರನ್ನು ಮಹಾಕವಿ ಎಂದು ನಾನು ಸಾಧಿಸಲು ಹೊರಟಿಲ್ಲ. ಅವರು ವಿಮರ್ಶಕರು, ಪ್ರಬಂಧಕಾರರು. ಸಭೆಗಳಲ್ಲಿ, ಅಧ್ಯಯನ ಶಿಬಿರಗಳಲ್ಲಿ ಯೋಚನೆಯನ್ನು ಮಾತಾಗಿಸಿದವರು. ಆದರೆ ಕನ್ನಡದಲ್ಲಿ ವಿಮರ್ಶಕರಿಗೆ ಸ್ಥಾನವಿಲ್ಲವೇ? ಒಂದೇ ಒಂದು ಕವಿತೆ ಬರೆಯದ ಎಷ್ಟೋ ವಿಮರ್ಶಕರನ್ನು ನಾವು ವರ್ಷವಿಡೀ ಪಾಠ ಮಾಡುತ್ತೇವೆ. ದಲಿತ ಸಾಹಿತ್ಯ ಎಂದರೇನು, ಅದನ್ನು ಸ್ಥಾಪಿತ ಸಾಹಿತ್ಯದ ಅಳತೆಗೋಲಿನಿಂದ ಅಳೆಯುವುದು ಯಾಕೆ ತಪ್ಪು ಎಂದು ಕನ್ನಡದಲ್ಲಿ ಮೊದಮೊದಲು ವಾದ ಕಟ್ಟಿದವರಲ್ಲಿ ಅವರೊಬ್ಬರು. ಆ ಪ್ರಬಂಧ ಇಂಗ್ಲಿಷಿಗೂ ಹೋಗಿದೆ. 2013ರಲ್ಲಿ ಕೆ. ಸತ್ಯನಾರಾಯಣ ಮತ್ತು ಸೂಸಿ ತಾರು ಸಂಪಾದಿಸಿದ ದಕ್ಷಿಣ ಭಾರತದ ದಲಿತ ಬರಹಗಳ ಸಂಕಲನದಲ್ಲಿದೆ. ದೆಹಲಿಯ ವಿದ್ಯಾರ್ಥಿ ಅದನ್ನು ಇಂಗ್ಲಿಷಿನಲ್ಲಿ ಓದಬಲ್ಲ. ಹರಿಹರದ ವಿದ್ಯಾರ್ಥಿನಿ ತನ್ನ ಕನ್ನಡ ಮೇಷ್ಟ್ರನ್ನು ಕೇಳಿದರೆ, “ಭಾಷಣ ಮಾಡ್ತಿದ್ರು” ಎಂಬ ಉತ್ತರ ಸಿಗುತ್ತದೆ.

ಪಕ್ಕದ ಕೋಣೆಯ ವಿಷಯವನ್ನೂ ಹೇಳಬೇಕು. ನಮ್ಮ ಇಂಗ್ಲಿಷ್ ಸಹೋದ್ಯೋಗಿ ಅಮೆರಿಕದ ಆಲಿಸ್ ವಾಕರ್ ಬಗ್ಗೆ ಪಾಠ ಮಾಡುತ್ತಾರೆ, ಬಹಳ ಚೆನ್ನಾಗಿ ಮಾಡುತ್ತಾರೆ. 1944ರಲ್ಲಿ ಜಾರ್ಜಿಯಾದಲ್ಲಿ, ಪಾಲಿಗೆ ಹೊಲ ಮಾಡುವವರ ಮನೆಯಲ್ಲಿ ಹುಟ್ಟಿದ ಹುಡುಗಿ. ಮಿಸಿಸಿಪ್ಪಿಯಲ್ಲಿ ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿಯಲ್ಲಿ ದುಡಿದಾಕೆ. ‘ದಿ ಕಲರ್ ಪರ್ಪಲ್’ ಕಾದಂಬರಿಗೆ 1983ರಲ್ಲಿ ಪುಲಿಟ್ಜರ್ ಬಂತು. 2003ರಲ್ಲಿ ಇರಾಕ್ ಯುದ್ಧದ ವಿರುದ್ಧ ಶ್ವೇತಭವನದ ಎದುರು ನಿಂತು ಬಂಧನಕ್ಕೊಳಗಾದಳು. ಇದೆಲ್ಲವನ್ನೂ ಅವರು ‘ಲೇಖಕಿ ಮತ್ತು ಹೋರಾಟಗಾರ್ತಿ’ ಎಂಬ ಒಂದೇ ತಲೆಬರಹದಲ್ಲಿ ಬರೆಸುತ್ತಾರೆ. ಹುಡುಗರು ಯಾವ ಗೊಂದಲವೂ ಇಲ್ಲದೆ ಬರೆದುಕೊಳ್ಳುತ್ತಾರೆ. ಅಟ್ಲಾಂಟಿಕ್ ಆಚೆಗಿನ ಹೋರಾಟ ನಮಗೆ ಸಾಹಿತ್ಯಕ್ಕೆ ಒದಗಿದ ಜೀವಸತ್ವ. ತುಂಗಭದ್ರೆಯ ದಡದ ಹೋರಾಟ ಸಾಹಿತ್ಯಕ್ಕೆ ಹತ್ತಿದ ರೋಗ. ಗೋಡೆಯ ಆಚೆ ‘ಮತ್ತು’ ಎಂದು ಬರೆಸುವ ಜಾಗದಲ್ಲಿ, ಈಚೆ ನಾನು ‘ಅಥವಾ’ ಎಂದು ಬರೆಸುತ್ತಿದ್ದೆ.

ಚಂದ್ರಗುತ್ತಿಯನ್ನು ನೆನಪಿಸದೆ ಈ ಮಾತು ಪೂರ್ತಿಯಾಗದು. ಸೊರಬ ತಾಲ್ಲೂಕಿನ ಆ ಬೆಟ್ಟದ ರೇಣುಕಾಂಬೆಗೆ ಹರಕೆ ಹೊತ್ತವರು ವರದಾ ಹೊಳೆಯಲ್ಲಿ ಮಿಂದು ಬೆತ್ತಲೆಯಾಗಿ ಗುಡಿಯ ತನಕ ನಡೆಯುವ ಪದ್ಧತಿಯಿತ್ತು. ಹಾಗೆ ನಡೆದವರಲ್ಲಿ ದಲಿತ, ಹಿಂದುಳಿದ ಜಾತಿಗಳ ಹೆಣ್ಣುಮಕ್ಕಳೇ ಹೆಚ್ಚು. ನೋಡಲು ಸೇರುವ ಜನ ಬೇರೆ. 1986ರ ಮಾರ್ಚಿನಲ್ಲಿ ದಸಂಸದ ಕಾರ್ಯಕರ್ತರು ಅಲ್ಲಿಗೆ ಹೋಗಿ, ಇದು ಬೇಡ, ಬಟ್ಟೆ ಉಟ್ಟುಕೊಂಡೇ ಹೋಗಿ ಎಂದು ಬೇಡಿಕೊಂಡರು. ಗುಂಪು ತಿರುಗಿಬಿತ್ತು. ಕಾರ್ಯಕರ್ತರಿಗೆ ಏಟು ಬಿದ್ದವು. ಪೊಲೀಸರನ್ನೂ, ಮಹಿಳಾ ಪೊಲೀಸರನ್ನೂ ಬಿಡದೆ ಬಟ್ಟೆ ಕಿತ್ತರು. ಆಮೇಲೆ ಸರ್ಕಾರ ಬೆತ್ತಲೆ ಸೇವೆಯನ್ನು ನಿಷೇಧಿಸಿತು.

ಈ ಘಟನೆ ಕನ್ನಡ ಸಾಹಿತ್ಯಕ್ಕೆ ಹೇಗೆ ಬಂತು? ಯು.ಆರ್. ಅನಂತಮೂರ್ತಿಯವರ ‘ಬೆತ್ತಲೆ ಪೂಜೆ ಯಾಕೆ ಕೂಡದು’ ಎಂಬ ಚಿಂತನೆಯಾಗಿ ಬಂತು. ನಂಬುವವರ ಲೋಕ, ಆಧುನಿಕ ಲೇಖಕನ ಒಳಗಿನ ತೊಳಲಾಟ, ಇವೆರಡರ ನಡುವೆ ನಿಂತ ಪ್ರಾಮಾಣಿಕ ಬರಹ ಅದು. ನಾನು ಅದನ್ನು ಗೌರವದಿಂದಲೇ ಓದಿದ್ದೇನೆ, ಓದಿಸಿದ್ದೇನೆ. ಇಂಗ್ಲಿಷಿನಲ್ಲೂ ಅದು ಹೆಸರುವಾಸಿ. ಆದರೆ ಒಂದು ಪ್ರಶ್ನೆ. ಆ ದಿನ ಹೊಳೆಯ ದಂಡೆಯಲ್ಲಿ ನಿಂತು, ಹರಕೆ ಹೊತ್ತ ಹೆಣ್ಣುಮಗಳ ಎದುರಿಗೆ ‘ಬೇಡ ತಾಯಿ’ ಎಂದವರ ಒಳಗೆ ತೊಳಲಾಟ ಇರಲಿಲ್ಲವೇ? ಆ ದೇವರು ಅವರ ಮನೆಯದೇ. ಆ ಹರಕೆ ಅವರ ತಾಯಂದಿರು, ಅಕ್ಕಂದಿರು ಹೊರುವಂಥದು. ಬೇಡ ಎನ್ನುವುದು ತನ್ನ ಕರುಳಿಗೇ ಹೇಳಿದ ಮಾತು. ಸಂದೇಹಪಟ್ಟವರ ತೊಳಲಾಟವನ್ನು ನಾವು ಸಾಹಿತ್ಯ ಎಂದೆವು. ತೀರ್ಮಾನ ಮಾಡಿ ಹೊಡೆತ ತಿಂದವರದನ್ನು ಪತ್ರಿಕೆಯ ಸುದ್ದಿ ಎಂದೆವು. ತೀರ್ಮಾನಕ್ಕೆ ಬಂದವನು ಯೋಚಿಸಿಯೇ ಇಲ್ಲ ಎಂಬುದು ಸಾಹಿತ್ಯದವರ ಹಳೆಯ ಮೂಢನಂಬಿಕೆ. ಅದಕ್ಕಿನ್ನೂ ನಿಷೇಧ ಬಂದಿಲ್ಲ.

ಇಷ್ಟೆಲ್ಲ ನಮ್ಮವರನ್ನು ಬೈದ ಮೇಲೆ ನೀಲಿ ಬ್ಯಾನರಿನವರಿಗೂ ಎರಡು ಮಾತು ಹೇಳಬೇಕು. ಹೊರಗಿನವನಾಗಿ ಹೇಳುತ್ತಿದ್ದೇನೆ, ಆ ಎಚ್ಚರ ನನಗಿದೆ. ಅವರು ಇಲ್ಲದಿದ್ದರೆ ಕೃಷ್ಣಪ್ಪ ಕಂಸದೊಳಗೂ ಉಳಿಯುತ್ತಿರಲಿಲ್ಲ. ಹರಿಹರದ ಹೊರಗೆ ಹನಗವಾಡಿಯ ಹತ್ತಿರ ಮೈತ್ರಿವನ ಇದೆ ಎಂದರೆ ಅದು ಅವರ ಬೆವರು. ವರ್ಷವರ್ಷ ಜೂನ್ 9ಕ್ಕೆ ಅಲ್ಲಿ ದೀಪ ಹಚ್ಚುವವರು ಅವರು. ಯಾವ ಕನ್ನಡ ವಿಭಾಗವೂ ಅವರಿಗೆ ಅದನ್ನು ಹೇಳಿಕೊಡಲಿಲ್ಲ. ಹೋದ ಸಲ ನಾನೂ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಹಾರ, ಶಾಲು, ವೇದಿಕೆಯ ತುಂಬ ಗಣ್ಯರು. ಒಬ್ಬರಾದ ಮೇಲೆ ಒಬ್ಬರು ಕೃಷ್ಣಪ್ಪನವರ ದಾರಿಯಲ್ಲಿ ನಡೆಯಬೇಕು ಎಂದರು. ಆ ದಾರಿ ಯಾವುದೆಂದು ಅವರೇ ಬರೆದದ್ದಿದೆಯಲ್ಲ, ಅದರಿಂದ ಒಂದು ಪುಟವನ್ನು ಯಾರೂ ಓದಲಿಲ್ಲ. ಭದ್ರಾವತಿಯ ಕಾಲದಲ್ಲಿ ಅಧ್ಯಯನ ಶಿಬಿರದಿಂದ ಕಟ್ಟಿದ ಸಂಘಟನೆಯಲ್ಲಿ ಈಗ ಅಧ್ಯಯನಕ್ಕಿಂತ ಸನ್ಮಾನ ಹೆಚ್ಚಾಗಿದ್ದರೆ, ಬಣಗಳ ಲೆಕ್ಕ ಹಾಕುವ ಮೊದಲು ಅದರ ಲೆಕ್ಕ ಹಾಕಬೇಕು. ಯಾರು ನಿಜವಾದ ವಾರಸುದಾರರು ಎಂದು ಜಗಳವಾಡುವವರು ಆಸ್ತಿಯ ಕಾಗದಪತ್ರವನ್ನಾದರೂ ಒಮ್ಮೆ ಓದಬೇಡವೇ?

ಹಾಗಾಗಿ ಈ ಮನುಷ್ಯನನ್ನು ಎರಡು ಕಡೆಯವರೂ ಹಂಚಿಕೊಂಡಿದ್ದೇವೆ. ಅವರು ಫೋಟೋ ಇಟ್ಟುಕೊಂಡರು, ನಾವು ‘ಮುಂತಾದವರು’ ಎಂಬ ಪದ ಇಟ್ಟುಕೊಂಡೆವು. ಬರಹ ಯಾರ ಪಾಲಿಗೂ ಹೋಗದೆ ಹಾಗೇ ಉಳಿಯಿತು. ಹರಿಹರದ ಗುಡಿಗೆ ಹೋಗುವ ನನ್ನಂಥವರಿಗೆ ಒಂದೇ ಕಲ್ಲಿನಲ್ಲಿ ಇಬ್ಬರು ದೇವರನ್ನು ನೋಡಲು ತೊಂದರೆಯಿಲ್ಲ, ಎಂಟು ನೂರು ವರ್ಷದಿಂದ ಕೈ ಮುಗಿಯುತ್ತಲೇ ಇದ್ದೇವೆ. ಅದೇ ಊರಿನ ಒಬ್ಬ ಮನುಷ್ಯ ಬರೆದ, ಹೋರಾಡಿದ, ಎರಡೂ ಒಂದೇ ಕೈಯಿಂದ ಮಾಡಿದ ಎಂದರೆ ನಂಬಲಾಗುವುದಿಲ್ಲ.

ಕೃಷ್ಣಪ್ಪ 1997ರ ಏಪ್ರಿಲ್ 30ರಂದು ತೀರಿಕೊಂಡರು. ಅದೇ ವರ್ಷದ ಆಗಸ್ಟ್ 15ಕ್ಕೆ ದಾವಣಗೆರೆ ಜಿಲ್ಲೆಯಾಯಿತು, ಹರಿಹರ ಅದರೊಳಗೆ ಬಂತು. ಜಿಲ್ಲೆಗೆ ಆಮೇಲೆ ವಿಶ್ವವಿದ್ಯಾಲಯವೂ ಬಂತು. ಜಿಲ್ಲೆಯ ಹೆಮ್ಮೆ ಎಂದು ನಾವು ಬೆಣ್ಣೆ ದೋಸೆಯನ್ನೂ ಮಂಡಕ್ಕಿ ಮೆಣಸಿನಕಾಯಿಯನ್ನೂ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳೋಣ. ಅವುಗಳ ರುಚಿ ಗೊತ್ತಿರುವಷ್ಟಾದರೂ ಈ ಮನುಷ್ಯನ ಗದ್ಯದ ರುಚಿ ನಮ್ಮ ಮಕ್ಕಳಿಗೆ ಗೊತ್ತಿರಬೇಕು ಎಂದು ಕೇಳುವುದು ಅತಿಯಾಸೆಯೇ?

ನಾನು ಕೇಳುವುದು ಪೀಠವಲ್ಲ, ಪ್ರತಿಮೆಯಲ್ಲ, ಪ್ರಶಸ್ತಿಯಲ್ಲ. ದಲಿತ ಸಾಹಿತ್ಯದ ಪತ್ರಿಕೆ ಇರುವಲ್ಲೆಲ್ಲ ಕೃಷ್ಣಪ್ಪನವರ ಒಂದು ಪ್ರಬಂಧ ಪಠ್ಯವಾಗಲಿ, ಟಿಪ್ಪಣಿಯಲ್ಲಿ ಬರುವ ಹೆಸರಾಗಿ ಅಲ್ಲ. ಹಳೆಯ ಕಾರ್ಯಕರ್ತರ ಟ್ರಂಕುಗಳಲ್ಲಿ ಉಳಿದಿರಬಹುದಾದ ಕರಪತ್ರ, ಪತ್ರ, ಶಿಬಿರದ ಟಿಪ್ಪಣಿಗಳನ್ನು ಗೆದ್ದಲು ಓದುವ ಮೊದಲು ಯಾರಾದರೂ ಕೂಡಿಸಲಿ. ವಚನಗಳಿಗೆ ಒಬ್ಬ ಹಳಕಟ್ಟಿ ಸಿಕ್ಕಿದ್ದು ಎಂಟು ನೂರು ವರ್ಷದ ಮೇಲೆ. ಇದಕ್ಕೆ ಅಷ್ಟು ಸಮಯವಿಲ್ಲ, ಆ ಟ್ರಂಕುಗಳ ಯಜಮಾನರಿಗೆ ಈಗಾಗಲೇ ಎಪ್ಪತ್ತು ದಾಟಿದೆ. ಇನ್ನು, ಬರುವ ಜೂನ್ 9ರಂದು ಮೈತ್ರಿವನದಲ್ಲಿ ಭಾಷಣಗಳ ನಡುವೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಅವರ ಬರಹವನ್ನು ಯಾರಾದರೂ ಹುಡುಗರಿಂದ ಗಟ್ಟಿಯಾಗಿ ಓದಿಸಲಿ.

ನನ್ನ ಪಾಲಿನದನ್ನು ಶುರು ಮಾಡಿದ್ದೇನೆ. ಈ ವರ್ಷ ತರಗತಿಗೆ ಎರಡು ಜೆರಾಕ್ಸ್ ಹಂಚಿದೆ. ಒಂದು, ಸ್ನೇಹಿತರೊಬ್ಬರ ಹಳೆಯ ಸಂಕಲನದಿಂದ ತೆಗೆಸಿದ ಕೃಷ್ಣಪ್ಪನವರ ಪ್ರಬಂಧ. ಇನ್ನೊಂದು, ಹೆಸರು ಅಳಿಸಿದ ಒಂದು ಮನವಿ ಪತ್ರ: 110 ಜನ, ಆರು ನಲ್ಲಿ, ತಲೆಗೆ ಎರಡು ನಿಮಿಷ ಹತ್ತು ಸೆಕೆಂಡು. ಅದನ್ನು ಬಳಸಿಕೊಳ್ಳಲು ಬರೆದವಳ ಒಪ್ಪಿಗೆ ಕೇಳಲು ಫೋನ್ ಮಾಡಿದ್ದೆ. ಈಗ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಆ ಮನವಿಯಿಂದ ಹಾಸ್ಟೆಲಿಗೆ ಇನ್ನೊಂದು ಟ್ಯಾಂಕು ಬಂತಂತೆ. ಕವಿತೆ ಬರೆದೆಯಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಎರಡು ವರ್ಷದ ಹಿಂದೆ ನೀನು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದೆ, ಪ್ರಬಂಧದ ಪ್ರತಿ ಕಳಿಸುತ್ತೇನೆ, ವಿಳಾಸ ಹೇಳು ಎಂದೆ.

“ಎರಡು ಕಳಿಸ್ರಿ ಸರ್,” ಎಂದಳು. “ಒಂದು ಅಪ್ಪಾಜಿಗೆ ಬೇಕು. ಅವರೂ ಹಂಗೇ ಒಂದು ಹೋಟ್ಲಾಗೆ ಬೆಂಚಿನ ಮ್ಯಾಲೆ ಕುಂತೋರು.”